ಕಿತ್ತುಕೊಂಡ ಹೆಲ್ಮೆಟ್

ಮಾರೆಕ್ ಕ್ರೀಕ್, ನೆಬ್ರಾಸ್ಕಾ
ಅಕ್ಟೋಬರ್ 30, ಬುಧವಾರ

ಪ್ರೀತಿಯ ಡಾರ್ಲಾ,

ನನ್ನ ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದೀಯಲ್ಲ, ಅದಕ್ಕೇ ಈ ಕಾಗದ. ಒಲೆಗೆ ಹಾಕುವ ಮೊದಲು ಒಂದು ಸಲ ಓದು ಮಾರಾಯ್ತಿ. ನಿನ್ನ ಹಟ ನನಗೆ ಹೊಸದಲ್ಲ. ತೊಟ್ಟಿಲಲ್ಲೇ ನೋಡಿದ್ದೇನೆ. ಅದನ್ನು ಗೆಲ್ಲುವ ಆಸೆಯೂ ನನಗಿಲ್ಲ. ನಾಡಿದ್ದು ಶುಕ್ರವಾರದ ಫುಟ್‌ಬಾಲ್ ಪಂದ್ಯದಲ್ಲಿ ನಿನ್ನ ಮಗ ರೀಸ್‌ನನ್ನು ಆಡಿಸಬೇಡ ಎಂದು ಕೇಳಿಕೊಳ್ಳುವುದಕ್ಕೆ ಬರೆಯುತ್ತಿದ್ದೇನೆ, ಅಷ್ಟೇ.

ಹೋದ ವಾರದ ಹಿಂದಿನ ಶುಕ್ರವಾರ ನೀನು ಗ್ಯಾಲರಿಯಲ್ಲಿ ಕೂತು ಏನು ನೋಡಿದೆಯೋ ಗೊತ್ತಿಲ್ಲ. ಮೈದಾನದ ಗೆರೆಯ ಪಕ್ಕ ನಿಂತು ನಾನು ನೋಡಿದ್ದನ್ನು ಹೇಳುತ್ತೇನೆ. ಚೆಂಡು ಹಿಡಿದು ಓಡಿ ಬರುತ್ತಿದ್ದ ಹುಡುಗನ ಮೇಲೆ ರೀಸ್ ಬಿದ್ದ. ನಾನು ಕಲಿಸಿದ ಹಾಗೆಯೇ ಬಿದ್ದ ಕಣೇ, ಭುಜ ಮುಂದೆ, ತಲೆ ಹೊರಗೆ, ಕಣ್ಣು ಮೇಲೆ. ತಪ್ಪೇನೂ ಮಾಡಲಿಲ್ಲ. ಆದರೂ ಆ ಹುಡುಗನ ಮೊಣಕಾಲು ಬಂದು ಇವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಇವನು ಎದ್ದ. ಎದ್ದವನು ನೆಟ್ಟಗೆ ಎದುರು ತಂಡದವರ ಗುಂಪಿನೊಳಗೆ ಹೋಗಿ, ಮಂಡಿಯ ಮೇಲೆ ಕೈಯೂರಿ ನಿಂತು, ತನ್ನದೇ ತಂಡ ಎಂಬಂತೆ, ಮುಂದಿನ ನಡೆ ಯಾವುದು ಎಂದು ಅವರು ಹೇಳುವುದನ್ನೇ ಕಾಯತೊಡಗಿದ.

ಇಡೀ ಗ್ಯಾಲರಿ ನಕ್ಕಿತು. ನೀನೂ ನಕ್ಕಿರಬೇಕು, ನಿನ್ನನ್ನು ಬೈಯುತ್ತಿಲ್ಲ. ದೂರದಿಂದ ನೋಡಿದರೆ ನಗು ಬರುವಂಥದ್ದೇ. ನಾನು ಮಾತ್ರ ನಗಲಿಲ್ಲ. ಓಡಿಹೋಗಿ ಕೈ ಹಿಡಿದು ಕರೆತಂದೆ. ಬೆಂಚಿನ ಮೇಲೆ ಕೂರಿಸಿ, ತಿಂಗಳುಗಳನ್ನು ಕೊನೆಯಿಂದ ಹಿಂದಕ್ಕೆ ಹೇಳು ಎಂದೆ. ಡಿಸೆಂಬರ್ ಅಂದ, ನವೆಂಬರ್ ಅಂದ, ಆಮೇಲೆ ನನ್ನ ಮುಖ ನೋಡಿ, “ದೊಡ್ಡಮ್ಮ, ಅಪ್ಪಂದು ಜೋಳದ ಕಟಾವು ಮುಗೀತಾ?” ಅಂದ. ಕಟಾವು ಮುಗಿದ ದಿನ ಯಂತ್ರದ ಮೇಲೆ ಕೂತಿದ್ದವನು ಅವನೇ.

ಆಗ ಅವನ ಹೆಲ್ಮೆಟ್ ಕಿತ್ತುಕೊಂಡೆ. ತಂಡದ ಹುಡುಗರ ಗಾಯ ನೋಡಿಕೊಳ್ಳುವ ಈ ಕೆಲಸದಲ್ಲಿರುವ ನಾವೆಲ್ಲರೂ ಮಾಡುವುದು ಹಾಗೆಯೇ. ಹದಿನೇಳರ ಹುಡುಗನನ್ನು ಹಿಡಿದು ಕೂರಿಸುವುದು ನಮ್ಮಿಂದಾಗುವ ಮಾತಲ್ಲ. ಹೆಲ್ಮೆಟ್ ಇಲ್ಲದವನನ್ನು ರೆಫರಿ ಒಳಗೆ ಬಿಡುವುದಿಲ್ಲ. ಹುಡುಗನನ್ನು ಬಿಟ್ಟು ಹೆಲ್ಮೆಟ್ಟನ್ನು ಬಂಧಿಸುವುದು ನಮ್ಮ ಉಪಾಯ. ಅದನ್ನು ನೀರಿನ ಬಾಟಲಿಗಳ ಐಸ್ ಪೆಟ್ಟಿಗೆಯೊಳಗೆ ಹಾಕಿ, ಮುಚ್ಚಳದ ಮೇಲೆ ನಾನೇ ಕೂತೆ. ಅವನು ಅತ್ತ, ಬೇಡಿಕೊಂಡ, ಒಂದೆರಡು ಕೆಟ್ಟ ಮಾತನ್ನೂ ಆಡಿದ. ಆಡಲಿ ಬಿಡು, ಅದು ಅವನಲ್ಲ, ಏಟು ತಿಂದ ತಲೆ.

ಆಮೇಲೆ ನೀನು ಬೇಲಿಯ ಹತ್ತಿರ ಬಂದೆ. “ಕೊಡೇ ಅವನ ಹೆಲ್ಮೆಟ್ಟು! ನನ್ನ ಮಗ ಅವನು, ನಿನ್ನ ಮಗ ಅಲ್ಲ. ಹೆತ್ತಿದ್ರೆ ತಾನೆ ನಿಂಗೆ ಗೊತ್ತಾಗೋದು!” ಎಂದು ಕೂಗಿದೆ. ಊರಿಗೆ ಊರೇ ಕೇಳಿಸಿಕೊಂಡಿತು. ಮಾಂಸದ ಬನ್ನು ಮಾರುವ ಅಂಗಡಿಯವರು ಕೂಡ ಕೈಯಲ್ಲಿದ್ದುದನ್ನು ಕೆಳಗಿಟ್ಟು ನೋಡಿದರು. ನನಗೆ ನೋವಾಯಿತು ಡಾರ್ಲಾ. ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಪೆಟ್ಟಿಗೆಯ ಮೇಲಿಂದ ಏಳಲಿಲ್ಲ.

ಎದ್ದದ್ದು ಕ್ಲೇಟನ್‌ಗಾಗಿ. ರೀಸ್‌ನ ಜೀವದ ಗೆಳೆಯ, ನಿನ್ನ ಅಡುಗೆಮನೆಯಲ್ಲೇ ಅರ್ಧ ಬೆಳೆದವನು. ಆಟದಿಂದ ಹೊರಗೆ ಬರುತ್ತಲೇ ಮೀನಖಂಡ ಹಿಡಿದುಕೊಂಡು ಬೆಂಚಿನ ಆಚೆ ತುದಿಯಲ್ಲಿ ಬಿದ್ದ. “ಅಯ್ಯೋ ಮ್ಯಾಮ್, ಕಾಲು ಹಿಡ್ಕೊಂಡ್ಬಿಡ್ತು, ಸತ್ತೇ ಹೋಗ್ತೀನಿ” ಎಂದು ಅರಚಿದ. ಐಸ್ ಪೆಟ್ಟಿಗೆಗೆ ಚಿಲಕ ಹಾಕಿ ಓಡಿದೆ. ಮಂಡಿಯೂರಿ ಅವನ ಕಾಲನ್ನು ಭುಜಕ್ಕೆ ಆನಿಸಿಕೊಂಡು ತಿಕ್ಕತೊಡಗಿದೆ. ಮೈದಾನ ನನ್ನ ಬೆನ್ನ ಹಿಂದಿತ್ತು. ಖಂಡ ಬೆಣ್ಣೆಯ ಹಾಗೆ ಮೆತ್ತಗಿದೆಯಲ್ಲ, ಗಂಟೇ ಇಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಆ ಹುಡುಗ ಮೆಲ್ಲಗೆ, “ಸಾರಿ ಮ್ಯಾಮ್” ಎಂದ. ಅವನ ಕಣ್ಣು ಕಾಲಿನ ಮೇಲಿರಲಿಲ್ಲ, ನನ್ನ ಭುಜದಾಚೆ ಇತ್ತು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ.

ಇಬ್ಬರೂ ಸೇರಿ ಹೂಡಿದ ಆಟ ಅದು. ಎಲ್ಲಿ ಯಾರಿಗೆ ನೋವಾದರೂ ಓಡಿಬರುವವಳು ನಾನು ಎಂದು ಅವರಿಗೆ ಗೊತ್ತಿತ್ತು. ಅದನ್ನೇ ಹಿಡಿದು ನನ್ನನ್ನು ಪೆಟ್ಟಿಗೆಯಿಂದ ಎಬ್ಬಿಸಿದರು. ರೀಸ್ ಸಹಾಯಕ ಕೋಚ್‌ಗೆ “ದೊಡ್ಡಮ್ಮ ಬಿಟ್ರು” ಎಂದು ಹೇಳಿ, ಗೆಳೆಯನ ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋಗಿದ್ದ. ಅದು ಅವನ ತಲೆಗೆ ದೊಡ್ಡದು, ಕೆನ್ನೆಯ ಹತ್ತಿರ ಸಡಿಲ. ಬೇಸಿಗೆಯಲ್ಲಿ ಒಬ್ಬೊಬ್ಬನ ತಲೆಯ ಅಳತೆಗೂ ಹೆಲ್ಮೆಟ್ಟಿನೊಳಗಿನ ಮೆತ್ತೆಗೆ ಗಾಳಿ ತುಂಬಿ, ಬೆರಳು ತೂರಿಸಿ ನೋಡಿ, ಕೂರಿಸಿಕೊಟ್ಟವಳು ನಾನೇ ಅಲ್ಲವೇ.

ನಾನು ತಿರುಗುವಷ್ಟರಲ್ಲಿ ಎರಡನೆಯ ಏಟು ಬಿದ್ದಾಗಿತ್ತು. ಅವನು ಅಂಗಾತ ಬಿದ್ದಿದ್ದ, ಒಂದು ಕೈ ಸೆಟೆದು ಗಾಳಿಯಲ್ಲಿ ನಿಂತಿತ್ತು. ಮುಂದಿನದು ನಿನಗೂ ಗೊತ್ತು, ಬೇಲಿ ಹಾರಿ ಬಂದವಳು ನೀನು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಚೆನ್ನಾಗಿ ಬಂತು ಎಂದು ಊರೆಲ್ಲ ಹಬ್ಬ ಮಾಡಿತು. ಸ್ಕ್ಯಾನ್‌ನಲ್ಲಿ ರಕ್ತ ಕಾಣುತ್ತದೆ, ಬಿರುಕು ಕಾಣುತ್ತದೆ. ಈ ಏಟು ಕಾಣುವುದಿಲ್ಲ. ಲಿಂಕನ್ ನಗರದ ಡಾಕ್ಟರಮ್ಮ ಅವನಿಗೆ ಈ ವರ್ಷದ ಆಟ ಮುಗಿಯಿತು, ಇನ್ನು ಮುಂದಿನದು ಆಮೇಲೆ ನೋಡೋಣ ಎಂದು ನನ್ನೆದುರೇ ಹೇಳಿದರು. ನೀನು ತಲೆಯಾಡಿಸಿದೆ. ಸದ್ಯ, ದೇವರು ದೊಡ್ಡವನು ಅಂದುಕೊಂಡೆ. ಸೋಮವಾರ ನೋಡಿದರೆ ರೀಸ್ ಆಡಬಹುದು ಎಂದು ಹೆದ್ದಾರಿ ಪಕ್ಕದ ಆ ಡಾಕ್ಟರು ಸಹಿ ಹಾಕಿದ ಕಾಗದ ಶಾಲೆಯ ಕಚೇರಿಗೆ ಬಂದು ಕೂತಿದೆ! ಎಲ್ಲರಿಗೂ ಗೊತ್ತು, ಅವರು ಪರೀಕ್ಷೆ ಮಾಡುವುದು ತಮ್ಮ ಪೆನ್ನು ಬರೆಯುತ್ತದೋ ಇಲ್ಲವೋ ಎಂಬುದನ್ನು ಮಾತ್ರ. ಕೆಳಗೆ ನಿನ್ನ ಸಹಿ. ಡಾಕ್ಟರು ಸರಿ ಅಂದಮೇಲೆ, ತಾಯಿ ಸರಿ ಅಂದಮೇಲೆ, ನನ್ನ ಮಾತಿಗೆ ಮೂರು ಕಾಸಿನ ಬೆಲೆಯೂ ಇಲ್ಲ.

ಪ್ರಿನ್ಸಿಪಾಲರ ಹತ್ತಿರ ಹೋದೆ. ಕಾನೂನು ತೋರಿಸಿದರು. ಕೋಚ್ ಹ್ರೂಸ್ಕಾ ಹತ್ತಿರ ಹೋದೆ. ಆ ಮನುಷ್ಯನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾನು ಕೇಳಿದ್ದಕ್ಕೆಲ್ಲ ಹೂಂ ಅಂದವರು. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವುವುದನ್ನು ವಾರಕ್ಕೆ ಒಂದೇ ದಿನ ಮಾಡಿ ಅಂದೆ, ಮಾಡಿದರು. ಹೆಲ್ಮೆಟ್ ಮೇಲೆ ಮೆತ್ತನೆಯ ಟೊಪ್ಪಿಗೆ ಹಾಕಿಸಿ ಅಂದೆ, ಅಣಬೆಗಳ ತಂಡ ಎಂದು ಪಕ್ಕದ ಊರಿನವರು ಆಡಿಕೊಂಡರೂ ಹಾಕಿಸಿದರು. ಈ ಸಲ ಮಾತ್ರ ತಮ್ಮ ಬೂಟನ್ನೇ ನೋಡುತ್ತಾ, “ರೋಂಡಾ, ಸಹಿ ಇದೆ. ಹುಡುಗ ಆಡ್ತೀನಿ ಅಂತಾನೆ. ಬೇಡ ಅಂದ್ರೆ ನಾಳೆ ಈ ಊರಲ್ಲಿ ನಂಗೆ ಒಂದು ಲೋಟ ಕಾಫಿ ಹುಟ್ಟಲ್ಲ” ಎಂದರು. ನಾಚಿಕೆ ಆಗಲ್ವಾ ನಿಮಗೆ ಎಂದು ಕೇಳಿದೆ. “ಆಗುತ್ತೆ” ಅಂದರು.

ನಿನ್ನ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಸೋತವರು ಮನೆಗೆ ಹೋಗುವ ಪಂದ್ಯ ಇದು, ನಮ್ಮ ಶಾಲೆ ಇಲ್ಲಿಯ ತನಕ ಬಂದು ಎಷ್ಟೋ ಕಾಲವಾಯಿತು. ಔಷಧಿ ಅಂಗಡಿಯ ಗಾಜಿನ ಮೇಲೂ, ಬ್ಯಾಂಕಿನ ಬಾಗಿಲ ಮೇಲೂ ಅವನ ನಲವತ್ತನಾಲ್ಕು ನಂಬರು ಬರೆದಿದ್ದಾರೆ. ಅವನಪ್ಪ ಗ್ಲೆನ್ ಕೂಡ ಹಿಂದೆ ಇದೇ ನಂಬರು ಹಾಕಿಕೊಂಡು ಆಡಿದ್ದ. ನಾಳೆ ಗುರುವಾರದ ಊಟದ ಸರದಿ ನಿನ್ನದು. ತಂಡಕ್ಕೆ ತಂಡವೇ ನಿನ್ನ ಮನೆಗೆ ಬಂದು ಹುರುಳಿಕಾಯಿ ಬೀಜದ ಖಾರದ ಸಾರು, ದಾಲ್ಚಿನ್ನಿ ಬನ್ನು ತಿನ್ನುತ್ತದೆ. ಅಷ್ಟು ಹುಡುಗರ ತಟ್ಟೆಗೆ ಬಡಿಸುತ್ತಾ, ನನ್ನ ಮಗ ಆಡುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುತ್ತೀ? ಗೊತ್ತು. ನನ್ನಿಂದಲೂ ಆಗುತ್ತಿರಲಿಲ್ಲವೇನೋ.

ಆಸ್ಪತ್ರೆಯ ಮೊಗಸಾಲೆಯಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. “ಅಕ್ಕ, ಅವ್ನು ಓದೋದ್ರಲ್ಲಿ ಅಷ್ಟಕ್ಕಷ್ಟೇ. ನಾಲ್ಕು ಜನರ ಮುಂದೆ ಮಾತಾಡೋಕೆ ಬರಲ್ಲ. ಅಲ್ಲಿ ಒಂದು ಕಡೆ ಖುಷಿಯಾಗಿರ್ತಾನೆ. ಅದನ್ನೂ ಕಿತ್ಕೊಂಡ್ರೆ ಅವನ ಹತ್ರ ಇನ್ನೇನು ಉಳಿಯುತ್ತೆ?” ಅಂದೆ. ತಲೆ ಉಳಿಯುತ್ತದೆ ಎನ್ನಬಹುದು, ಹೇಳಿದರೆ ಒರಟಾಗಿ ಕೇಳುತ್ತದೆ. ಮೊದಲ ಏಟು ಆರುವ ಮುನ್ನ ಬಿದ್ದ ಇನ್ನೊಂದರಿಂದ ಮಲಗಿದಲ್ಲೇ ಉಳಿದ ಹುಡುಗರನ್ನು ನಾನು ನೋಡಿದ್ದೇನೆ. ಅವರ ತಾಯಂದಿರು ಚಮಚದಲ್ಲಿ ಉಣಿಸುವುದನ್ನು ನೋಡಿದ್ದೇನೆ. ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಅಲ್ಲ, ಹೆದರಿಸಲೆಂದೇ ಹೇಳುತ್ತಿದ್ದೇನೆ. ಬೇರೆ ಏನೂ ನನ್ನ ಕೈಯಲ್ಲಿಲ್ಲ.

ನಾನು ಹೆತ್ತಿಲ್ಲ, ನಿಜ. ಅವನ ಹಾಲುಹಲ್ಲು ಅಲ್ಲಾಡಿದಾಗ ದಾರ ಕಟ್ಟಿ ಎಳೆದದ್ದು ನಾನು. ನಿನಗೆ ಅಳು ಬರುತ್ತದೆ ಎಂದು ನೀನು ಕೊಟ್ಟಿಗೆಗೆ ಓಡಿದ್ದೆ. ಅಷ್ಟರಮಟ್ಟಿಗಾದರೂ ಅವನ ಮೇಲೆ ನನಗೆ ಹಕ್ಕು ಕೊಡು.

ಸಹಿಯನ್ನು ವಾಪಸು ತೆಗೆದುಕೊಳ್ಳಬಹುದು. ಕಚೇರಿಗೆ ಹೋಗಿ ಒಂದು ಮಾತು ಹೇಳಿದರೆ ಸಾಕು, ಕಾರಣ ಕೊಡಬೇಕಾಗಿಲ್ಲ. ಊರು ಬೈದರೆ ನನ್ನ ಹೆಸರು ಹೇಳು. ಹೇಗಿದ್ದರೂ ಬೇಲಿಯ ಹತ್ತಿರ ನಡೆದದ್ದನ್ನು ಎಲ್ಲರೂ ಕೇಳಿದ್ದಾರೆ, ಅಕ್ಕ ಹಟ ಸಾಧಿಸಿದಳು ಎಂದುಕೊಳ್ಳಲಿ. ನೀನು ಹೇಳದಿದ್ದರೆ ಶುಕ್ರವಾರ ನಾನು ಎಂದಿನಂತೆ ಗೆರೆಯ ಪಕ್ಕ ನಿಂತಿರುತ್ತೇನೆ. ಕೆಲಸ ಬಿಟ್ಟುಬಿಡೋಣ ಎಂದು ಎಷ್ಟು ಸಲ ಅನ್ನಿಸಿತೋ. ಬಿಟ್ಟರೆ ಅವನು ಬಿದ್ದಾಗ ಮೊದಲು ಓಡುವವರು ಯಾರು?

ನಿನ್ನ ಮೇಲೆ ಸಿಟ್ಟಿದೆ, ಪ್ರೀತಿ ಅದಕ್ಕಿಂತ ಜಾಸ್ತಿ ಇದೆ.

ನಿನ್ನ ಅಕ್ಕ,
ರೋಂಡಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ಯಾರಿಗೂ ಹೇಳಬಾರದು ಎಂದು ಮಾತು ಕೊಟ್ಟಿದ್ದೆ, ಆ ಮಾತನ್ನು ಈಗ ಮುರಿಯುತ್ತಿದ್ದೇನೆ. ಇವತ್ತು ಅಭ್ಯಾಸ ಮುಗಿದ ಮೇಲೆ ರೀಸ್ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ದೀಪ ಆರಿಸು ದೊಡ್ಡಮ್ಮ, ಕಣ್ಣು ಚುಚ್ಚುತ್ತದೆ ಅಂದ. ಕತ್ತಲಲ್ಲಿ ಕೂತು, “ಕಿವಿಯಲ್ಲಿ ಗುಂಯ್ ಅನ್ನೋದು ನಿಂತೇ ಇಲ್ಲ. ಪುಸ್ತಕದ ಸಾಲು ಓಡಿ ಹೋಗುತ್ತೆ. ಡಾಕ್ಟರ ಹತ್ರ ಎಲ್ಲ ಸುಳ್ಳು ಹೇಳಿದೆ. ಶುಕ್ರವಾರಾನೂ ನನ್ನ ಹೆಲ್ಮೆಟ್ ಕಿತ್ಕೋ ದೊಡ್ಡಮ್ಮ. ಎಲ್ಲರೆದುರು ಕಿತ್ಕೋ. ನಾನು ಬೈತೀನಿ, ಅಳ್ತೀನಿ, ಕೊಡ್ಬೇಡ” ಅಂದ. ನನಗೆ ಈಗ ಆ ಅಧಿಕಾರ ಇಲ್ಲ ಕಂದ, ಅಮ್ಮನಿಗೆ ನೀನೇ ಹೇಳು ಅಂದೆ. “ಅಮ್ಮ ಎಷ್ಟು ಖುಷಿಯಾಗಿದಾಳೆ ನೋಡಿದೀಯಾ? ಅವಳಿಗೆ ಹೆಂಗೆ ಹೇಳ್ಲಿ?” ಅಂದ ಡಾರ್ಲಾ.