ಜಾಡಿಯ ಹಿಂದಿನ ಪೇಪರು

ಪ್ರೀತಿಯ ಅಪ್ಪನಿಗೆ,

ನೀವು ಕಳಿಸಿದ ಅನಾನಸ್ ವೈನು ಕ್ಷೇಮವಾಗಿ ತಲುಪಿತು. ಅಮ್ಮ ಗಾಜಿನ ಜಾಡಿಯನ್ನು ಕೈಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದಳು. "ಮೂರು ಸಲ ಸೋಸಿದ್ರೂ ಮಬ್ಬು ಹೋಗಿಲ್ವಂತೆ, ಕೈಗುಣಾನೇ ಹೋಯ್ತಂತೆ. ಮನೇಲಿರೋದನ್ನೆಲ್ಲ ಮೋರಿಗೆ ಸುರೀತಾರಂತೆ ಕಣೇ" ಎಂದಳು. ದಯವಿಟ್ಟು ಸುರಿಯಬೇಡಿ.

ನೀವು ಕಲಿಸಿದ ಹಾಗೆಯೇ ಗಷ್ಟು ತಳಕ್ಕಿಳಿಯಲೆಂದು ಎರಡು ದಿನ ಜಾಡಿಯನ್ನು ಅಲುಗಿಸದೆ ಇಟ್ಟೆ. ಆಮೇಲೆ ಅದರ ಹಿಂದೆ ಪೇಪರು ಹಿಡಿದು ನೋಡಿದರೆ ಸಣ್ಣಕ್ಷರದ ಜಾಹೀರಾತುಗಳೂ ಕಾಣಿಸಿದವು. ನನಗೇ ನಂಬಿಕೆಯಾಗದೆ ನಿಮ್ಮ ಅಳಿಯನನ್ನು ಕರೆದೆ. ಅವರು "ಸೋಫಾ ಮಾರಾಟಕ್ಕಿದೆ, ಒಂದು ಕಾಲಿಲ್ಲ" ಎಂದು ಗಟ್ಟಿಯಾಗಿ ಓದಿ, "ನಮ್ಮದನ್ನ ಯಾವಾಗ ಮಾರೋಕೆ ಹಾಕ್ದೆ?" ಎಂದರು.

ವೈನು ಯಾವಾಗಲೋ ತಿಳಿಯಾಗಿದೆ ಅಪ್ಪ. ಇನ್ನೂ ಸೋಸಿದರೆ ರುಚಿಯೆಲ್ಲ ಬಟ್ಟೆಯ ಪಾಲಾಗುತ್ತದೆ. ನಿಮ್ಮ ಕೈಗುಣಕ್ಕೆ ಏನೂ ಆಗಿಲ್ಲ.

ಗುರುವಾರ ಬೆಳಿಗ್ಗೆ ಬರುತ್ತೇನೆ. ಬಾಟಲಿಗಳನ್ನು ಬಿಸಿನೀರಲ್ಲಿ ತೊಳೆದು ಬೋರಲು ಹಾಕಿಡಿ, ಮಧ್ಯಾಹ್ನ ಇಬ್ಬರೂ ಕೂತು ತುಂಬಿಸೋಣ. ಅದಕ್ಕೆ ಮೊದಲು ಹತ್ತೂವರೆಗೆ ಡಾಕ್ಟರು ಬರಹೇಳಿದ್ದಾರೆ. ನನಗಲ್ಲ, ನಿಮಗೆ. ಸಿಟ್ಟು ಮಾಡಿಕೊಳ್ಳಬೇಡಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಿದ್ಧವಾಗಿರಿ.

ನಾನು ಬರುವಷ್ಟರಲ್ಲಿ ಒಂದೇ ಒಂದು ಕೆಲಸ ಮಾಡಿ. ಕಿಟಕಿಯ ಹತ್ತಿರ ಕೂತು, ಜಾಡಿಯನ್ನು ಪಕ್ಕಕ್ಕಿಟ್ಟು, ಬರೀ ಪೇಪರನ್ನು ಓದಿ ನೋಡಿ.

ಬೇಕೆಂದೇ ದಪ್ಪಕ್ಷರದಲ್ಲಿ ಬರೆದಿರುವ,
ನಿಮ್ಮ ಮಗಳು