ಖಾಲಿ ಬಿಟ್ಟ ಚೌಕಗಳು

೩ ಮಾರ್ಚ್, ಬೆಳಿಗ್ಗೆ
ಕಾಲು ಎತ್ತಿ ಇಳಿಸೋದು ಹತ್ತು ಸಲ ಆಯ್ತು. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳಬೇಕು. ನಾಲ್ಕು ಸಲ ಎದ್ದೆ. ಐದನೇದಕ್ಕೆ ತೊಡೆ ನಡುಗಿ ದೊಪ್ಪನೆ ಕೂತೆ. ಕ್ಲಿನಿಕ್ಕಿನ ಫಿಸಿಯೋ ಹುಡುಗಿ — ನನ್ನ ಹಲ್ಲಿನ ಸೆಟ್ಟಿಗಿಂತ ಚಿಕ್ಕವಳು — ಬಿಡಿಸಿ ಹೇಳಿದಾಳೆ. ಮಾಂಸಖಂಡ ತನ್ನ ಶಕ್ತಿ ತಾನೇ ಮಾಡಿಕೊಳ್ಳುತ್ತಂತೆ. ವಯಸ್ಸಾದ ಮೇಲೆ ಖರ್ಚಾದದ್ದು ಬೇಗ ತುಂಬೋದಿಲ್ಲ, ಕೂತು ಸುಧಾರಿಸಿಕೊಳ್ಳಬೇಕು. ತುಂಬೋ ಮುಂಚೆ ಎದ್ದರೆ ಬೀಳೋದೇ.
ಹಾಳೆ ಒಂದು ಕೊಟ್ಟಿದಾಳೆ. ದಿನಕ್ಕೊಂದು ಚೌಕ. ಬಿದ್ದ ದಿನ ಕತ್ತರಿ ಗುರುತು. ಮೊಮ್ಮಗಳು ಗೋಡೆಗೆ ಅಂಟಿಸಿದಳು.

೯ ಮಾರ್ಚ್
ಬಚ್ಚಲ ಬಾಗಿಲಲ್ಲಿ ಬಿದ್ದೆ. ಮೊಮ್ಮಗಳು ತನ್ನ ಮಗೂನ ಲಸಿಕೆಗೆ ಕರಕೊಂಡು ಹೋಗಿದ್ದಳು. ತೆವಳಿ ಮಂಚದ ಕಾಲು ಹಿಡಿದೆ. ಏಳೋಕೆ ಎಷ್ಟು ಹೊತ್ತಾಯ್ತೋ...
ಪೆನ್ನು ಹಿಡಿದು ಹಾಳೆ ಮುಂದೆ ನಿಂತೆ. ಮೊಮ್ಮಗಳು ಮೊದಲೇ ಹೇಳಿದಾಳೆ — "ಅಜ್ಜಿ, ಒಂದ್ಸಲ ಬಿದ್ರೂ ಮಗು ನಿನ್ ಕೈಗೆ ಕೊಡಲ್ಲ. ಬೇಜಾರು ಮಾಡ್ಕೋಬೇಡ."
ಐದು ತಿಂಗಳ ಬೆಣ್ಣೆಮುದ್ದೆ. ನನ್ನ ಕತ್ತಿನ ಸಂದಿಗೆ ಮೂಗು ಒತ್ತಿದರೇ ಅದಕ್ಕೆ ನಿದ್ದೆ. ಈ ಮನೇಲಿ ನಾನು ಬೇಕು ಅಂತ ಅಳೋದು ಅದೊಂದೇ.
ಚೌಕ ಖಾಲಿ ಬಿಟ್ಟೆ.

೧೭ ಮಾರ್ಚ್
ಮತ್ತೆ. ಅಡುಗೆಮನೇಲಿ. ಮಂಡಿ ನೀಲಿ. ಬಟ್ಟೆ ಮುಚ್ಚುತ್ತೆ. ಖಾಲಿ.

೨೬ ಮಾರ್ಚ್
ಇನ್ನೂ ಎರಡು ಸಲ. ಬರೆಯೋಕೂ ಬೇಸರ.

೨ ಏಪ್ರಿಲ್, ಸಂಜೆ
ಕ್ಲಿನಿಕ್. ಹಾಳೆ ನೋಡಿ ಹುಡುಗಿ ಬೆನ್ನು ತಟ್ಟಿದಳು. ಕುರ್ಚಿ ಪರೀಕ್ಷೆಗೆ ಮುಂಚೆ ಅರ್ಧ ಗಂಟೆ ಅಲ್ಲಾಡದೆ ಕೂತಿದ್ದೆ. ಐದು ಸಲ ಎದ್ದೆ. ಆರನೇದು ಅವಳು ಕೇಳಲಿಲ್ಲ.
ಮೊಮ್ಮಗಳ ಕಣ್ಣಲ್ಲಿ ಖುಷಿಗೆ ನೀರು. ರಜೆ ಮುಗೀತು ಅವಳದು. "ಸೋಮವಾರದಿಂದ ಡ್ಯೂಟಿಗೆ ಹೋಗ್ತೀನಿ. ಮಗು ನೋಡ್ಕೊಳ್ಳೋಕೆ ಗೊತ್ತುಮಾಡಿದ್ದ ಆಯಾಗೆ ಬರಬೇಡ ಅಂದುಬಿಡ್ತೀನಿ. ನೀನಿದೀಯಲ್ಲ."
ಬಿದ್ದದ್ದು ಹೇಳಬೇಕಿತ್ತು. ಬಾಯಿ ತೆರೆದೆ. ಹಾಲು ಎಷ್ಟೊತ್ತಿಗೆ ಅಂತ ಬರೆದಿಟ್ಟು ಹೋಗು ಅಂದೆ. ಊರಿಗೆಲ್ಲ ಬುದ್ಧಿ ಹೇಳೋ ನಾಲಿಗೆ ನನ್ನದು. ಸುಡಲಿ.

೬ ಏಪ್ರಿಲ್, ಸೋಮವಾರ, ೧೧ ಗಂಟೆ
ಬೆಳಿಗ್ಗೆಯಿಂದ ಆರು ಸಲ ಎತ್ತಿಕೊಂಡೆ, ಮಲಗಿಸಿದೆ. ಈಗ ತೊಡೆಯಲ್ಲಿ ಏನೂ ಉಳಿದಿಲ್ಲ. ಮಗು ಮಂಚದ ಮೇಲೆ, ಅಂಚಿಗೆ ದಿಂಬು. ಮಗುಚಿಕೊಳ್ಳೋಕೆ ಕಲಿತು ಎರಡೇ ದಿನ. ಎಚ್ಚರ ಆಗಿದೆ. ಅಳ್ತಿದೆ. ನಾನು ಕುರ್ಚಿಯಲ್ಲಿ. ಕೈ ಊರಿ ಏಳೋಕೆ ಮೂರು ಸಲ ನೋಡಿದೆ — ಆಗಲಿಲ್ಲ. ಫೋನು ಆ ಗೋಡೇಲಿ, ಚಾರ್ಜಿಗೆ.
ಸ್ವಲ್ಪ ಸುಧಾರಿಸಿಕೊಂಡರೆ ಮತ್ತೆ ತುಂಬುತ್ತೆ ಅಂದಿದ್ದಳು ಹುಡುಗಿ. ಅದಕ್ಕೇ ಬರೀತಾ ಕೂತೆ. ಎರಡು ನಿಮಿಷ ಆಯ್ತು. ತುಂಬ್ತಿಲ್ಲ.
ದಿಂಬು ಕೆಳಗೆ ಬಿತ್ತು.
ಬಂದೆ ಕಣೇ. ಹೊರಳಬೇಡ, ಬಂದೆ, ಈ ಸಲ