ತಪ್ಪು ಗಾಳಿಯದಂತೆ!

ಗಾಳಿಯ ಮೇಲೂ ತಪ್ಪು ಹೊರಿಸಬಲ್ಲ ಮಾನ್ಯ ನೈರ್ಮಲ್ಯಾಧಿಕಾರಿಗಳೇ,

ನಿಮ್ಮ ಸಿಬ್ಬಂದಿ ಹೊಡೆದ ವಿಷ ನಮ್ಮ ಹಿತ್ತಲಿನ ಸೊಪ್ಪಿಗೆ ಬಿತ್ತು. ಅದನ್ನು ತಿಂದು ನನ್ನ ಮಗಳು ಆಸ್ಪತ್ರೆ ಸೇರಿದಳು. ಅವಳೀಗ ಹುಷಾರಾಗಿದ್ದಾಳೆ. ಹುಷಾರಾಗದೆ ಉಳಿದವರು ನನ್ನ ಅತ್ತೆ. ಈ ಪತ್ರ ಅವರಿಗಾಗಿ. ಊರೆಲ್ಲ ಓದಲಿ ಎಂದೇ ಬರೆಯುತ್ತಿದ್ದೇನೆ.

ಅತ್ತೆಗೆ ಕಣ್ಣು ಮಂಜು. ಆದರೂ ಹಿತ್ತಲು ಅವರದೇ ರಾಜ್ಯ. ಕೀಟನಾಶಕದ ಬಾಟಲಿ ನಮ್ಮ ಗೇಟು ದಾಟಿದ್ದೇ ಇಲ್ಲ. ಗಿಡಕ್ಕೆ ಹೇನು ಹತ್ತಿದರೆ ಸೋಪಿನ ನೀರು, ಹುಳ ಸಿಕ್ಕರೆ ಹೆಬ್ಬೆರಳು. "ಹುಳಕ್ಕೆ ಒಪ್ಪಿದ್ದು ನಮಗೂ ಒಪ್ಪತ್ತೆ ಬಿಡೇ" ಎಂದು ತೂತು ಬಿದ್ದ ಎಲೆಯನ್ನೇ ಮೊದಲು ಕೀಳುತ್ತಿದ್ದರು. ಮುಟ್ಟಿ, ಮೂಸಿ ಇದು ಪಾಲಕ್, ಇದು ಮೂಲಂಗಿ ಸೊಪ್ಪು ಎನ್ನುವ ಆ ಕೈ ಎಂದೂ ತಪ್ಪಿರಲಿಲ್ಲ.

ಅಂದು ನಿಮ್ಮವರು ಹಿಂದಿನ ಓಣಿಯ ಹುಲ್ಲಿಗೆ ಕಳೆನಾಶಕ ಹೊಡೆದು ಹೋದರು. ಒಂದು ಬೋರ್ಡಿಲ್ಲ, ಒಂದು ಕೂಗಿಲ್ಲ. ಅತ್ತೆ ಎಂದಿನಂತೆ ತಂತಿಬೇಲಿಯ ಪಕ್ಕದ ಸೊಪ್ಪು ಕಿತ್ತು, ತೊಳೆದು, ಬೇಯಿಸಿದರು. ತೊಳೆದರೆ ಹೋಗಲು ಅದೇನು ಮಣ್ಣೇ? ಸಂಜೆಗೆ ಮಗಳಿಗೆ ವಾಂತಿ. "ಸೊಪ್ಪು ಕಿತ್ತಿದ್ದು ಯಾರು?" ಎಂದು ವೈದ್ಯರು ಕೇಳಿದಾಗ ನಾವೆಲ್ಲ ತಿರುಗಿ ಅತ್ತೆಯನ್ನೇ ನೋಡಿದೆವು. "ಯಾವುದೋ ಕೆಟ್ಟ ಗಿಡ ಕಿತ್ಬಿಟ್ಟೆ ಕಣೋ" ಎಂದು ಅವರು ಮಗನ ಕೈ ಹಿಡಿದು ಅತ್ತರು.

ಕೆಲವು ದಿನಗಳಲ್ಲಿ ಓಣಿಯ ಕಡೆಯ ಸಾಲು ಮಾತ್ರ ಸುಟ್ಟಂತೆ ಒಣಗಿತು. ಆಗ ನಮಗೆ ಅರ್ಥವಾಯಿತು. ನಿಮ್ಮ ಕಚೇರಿಗೆ ಓಡಿ ಬಂದೆ. 'ವಿಷಮುಕ್ತ ತರಕಾರಿ ಬೆಳೆಯಿರಿ' ಎಂಬ ನಿಮ್ಮದೇ ಪೋಸ್ಟರಿನ ಕೆಳಗೆ ಕುಳಿತ ಮಹನೀಯರೊಬ್ಬರು, "ನಾವು ಹೊಡ್ದಿದ್ದು ಓಣಿಗೆ ಕಣಮ್ಮ. ಒಳಗೆ ಬಂದಿದ್ರೆ ಅದು ಗಾಳಿ ತಪ್ಪು" ಎಂದರು. ಭೇಷ್! ಗಾಳಿಯನ್ನು ಅಮಾನತು ಮಾಡಿದ್ದೀರಾ ಸ್ವಾಮಿ? ಕಾರಣ ಕೇಳಿ ನೋಟಿಸನ್ನಾದರೂ ಕೊಟ್ಟಿದ್ದೀರಾ?

ಅತ್ತೆಗೆ ನಡೆದದ್ದೆಲ್ಲ ಹೇಳಿದೆ. ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಆಫೀಸಿನೋರದ್ದು ತಪ್ಪಿದ್ರೆ ಬಂದು ಹೇಳ್ತಿರ್ಲಿಲ್ವಾ?" ಎಂದರು. ನಿಮ್ಮನ್ನು ಇಷ್ಟು ನಂಬುವವರು ಈ ಊರಲ್ಲಿ ಇನ್ನೊಬ್ಬರಿಲ್ಲ. ಈಗ ಅವರು ಹಿತ್ತಲಿಗೆ ಇಳಿಯುವುದಿಲ್ಲ. ಸೊಪ್ಪು ಬಿಡಿಸಲು ಕೊಟ್ಟರೆ "ನೀನೇ ನೋಡ್ಕೊಳ್ಳೇ" ಎಂದು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ.

ನಿಮ್ಮ ಪರಿಹಾರ ಯಾರಿಗೆ ಬೇಕು? ಓಣಿಯ ಹುಲ್ಲನ್ನು ಕುಡುಗೋಲಿನಿಂದ ಕೊಯ್ಯಿಸಿ. ಅದಕ್ಕೂ ಮೊದಲು ನೀವೇ ನಮ್ಮ ಮನೆಗೆ ಬಂದು, ಅತ್ತೆಯ ಎದುರು ಕೂತು, "ಅಮ್ಮಾ, ತಪ್ಪಿದ್ದು ನಿಮ್ಮ ಕೈಯಲ್ಲ, ನಮ್ಮದು" ಎಂದು ಹೇಳಿ. ಗಟ್ಟಿಯಾಗಿ ಹೇಳಿ, ಅವರಿಗೆ ಕಿವಿಯೂ ಸ್ವಲ್ಪ ಮಂದ. ನಿಮ್ಮ ಬದಲು ಗಾಳಿಯನ್ನು ಕಳಿಸಬೇಡಿ.

ಇಂತಿ,
ಬೇಲಿ ಹಾಕಿದರೆ ಸಾಕೆಂದು ನಂಬಿದ್ದ ಒಬ್ಬ ಸೊಸೆ